ಬರ್ತೀನಿ ಅಂದವರಿಗೆ ಹಾಕಿದ ಕುರ್ಚಿಗಳು

ಬೀದಿಯವರು ಅವನಿಗೆ ಏಣಿ ಎಂದು ಹೆಸರಿಟ್ಟದ್ದು ಅವನು ಬಂದ ಎರಡನೆಯ ದಿನ. ಟೈಲರಮ್ಮನ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಾಡಿಗೆ ಕೋಣೆಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ. ಇಳಿದು ಬರುವಾಗ ಮತ್ತೆ ಬಡಿದುಕೊಂಡ. ಎದುರಿನ ಸೆಲೂನಿನವನು ಕತ್ತರಿ ಹಿಡಿದುಕೊಂಡೇ ಆಚೆ ಬಂದು, "ಟೈಲರಮ್ಮಾ, ನಿಮ್ಮನೆಗೆ ಏಣಿ ಬಾಡಿಗೆಗೆ ಬಂದಂಗಿದೆ" ಎಂದ. ಹೆಸರು ಅಂಟಿಕೊಂಡಿತು. ಫಾದರ್ ಎನ್ನೋಣವೆಂದರೆ ಅವನಿಗಿನ್ನೂ ಮೀಸೆಯೇ ನೆಟ್ಟಗೆ ಮೂಡಿರಲಿಲ್ಲ.

ಸಮುದ್ರ ದಾಟಿ ದೇವರ ಮಾತು ಹೇಳಲು ಬಂದ ಇಪ್ಪತ್ತೆರಡರ ಮಿಷನರಿ ಅವನು. ಹೊರಡುವ ಮೊದಲು ಎಂಟು ತಿಂಗಳು ಕೂತು ಇಲ್ಲಿನ ಭಾಷೆಯನ್ನು ವ್ಯಾಕರಣದ ಪುಸ್ತಕದಿಂದ ಉರುಹೊಡೆದಿದ್ದ. ವಿಭಕ್ತಿ ಒಂದೂ ತಪ್ಪುತ್ತಿರಲಿಲ್ಲ. ಮೊದಲ ಬೆಳಿಗ್ಗೆಯೇ ಕೆಳಗಿಳಿದು, "ಅಮ್ಮಾ, ನನಗೆ ಒಂದು ಬಕೆಟ್ಟು ನೀರನ್ನು ದಯಪಾಲಿಸಬೇಕೆಂದು ವಿನಂತಿ" ಎಂದಿದ್ದ. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರು, ನಗುವಂತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನಲ್ಲಿಯ ಕಡೆ ಕೈ ತೋರಿಸಿದರು.

ಈ ಬಡಾವಣೆಗೆ ಅವನಿಗಿಂತ ಮುಂಚೆ ಬಂದಿದ್ದ ಇಬ್ಬರು ಒಬ್ಬರನ್ನೂ ಪ್ರಾರ್ಥನೆಗೆ ಕೂಡಿಸಲಾಗದೆ ಪೆಟ್ಟಿಗೆ ಕಟ್ಟಿದ್ದರು. ಅದಕ್ಕೇ ಅವನನ್ನು ಕಳಿಸಿದ ಮಿಷನ್ ಕಚೇರಿಯ ಹಿರಿಯರು ಪತ್ರ ಬರೆದರು: ತಿಂಗಳ ಕೊನೆಯ ಭಾನುವಾರ ಹತ್ತು ಗಂಟೆಗೆ ನಾನೇ ಬರುತ್ತೇನೆ. ನಾಲ್ಕು ಜನರಾದರೂ ಸೇರಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ನೀನು ಕಚೇರಿಗೆ ಬಂದು ಲಕೋಟೆ ಅಂಟಿಸುತ್ತಾ ಕೂರಬೇಕು. ಈ ಬೀದಿಗೆ ಬರುವ ಮೊದಲು ಏಣಿ ಅಲ್ಲಿ ಒಂದು ವಾರ ಲಕೋಟೆ ಅಂಟಿಸಿದ್ದ. ಆ ಗೋಂದಿನ ವಾಸನೆ ಅವನಿಗೆ ಮತ್ತೆ ಬೇಡವಾಗಿತ್ತು.

ಮರುದಿನದಿಂದಲೇ ಮನೆಮನೆ ಹತ್ತಿ ಇಳಿದ. ಭಾನುವಾರ ಹತ್ತಕ್ಕೆ ಪ್ರಾರ್ಥನೆ ಎಂದು ಕಂಡಕಂಡವರಿಗೆಲ್ಲ ಹೇಳಿದ. ಜನ ನಿಂತು ಕೇಳಿದರು, ಹ್ಞೂಂಗುಟ್ಟಿದರು, ಚೀಲ ಎತ್ತಿಕೊಂಡು "ಸರಿಯಪ್ಪಾ, ಬರ್ತೀನಿ" ಎಂದರು. ಸೆಲೂನಿನವನು ಅಂದ. ಮೂಲೆಮನೆಯ ರಿಟೈರಾದ ಮೇಷ್ಟ್ರು ಅಂದರು. ಹಾಲಿನವನಂತೂ ದಿನಾ ಬೆಳಿಗ್ಗೆ ಹಾಲು ಅಳೆದು ಕೊಟ್ಟು ಅದೇ ಮಾತು ಅನ್ನುತ್ತಿದ್ದ. ಏಣಿ ಅವನನ್ನು ಎಲ್ಲರಿಗಿಂತ ದೊಡ್ಡ ಭಕ್ತನೆಂದು ಡೈರಿಯಲ್ಲಿ ಬರೆದುಕೊಂಡ. ಇನ್ನು ಮನೆಗಳಲ್ಲಿ, ಇವನು ಎದ್ದು ನಿಂತರೆ ಸಾಕು, "ಹೋಗಿ ಬನ್ನಿ." ಪುಸ್ತಕ ಬಿಚ್ಚಿ ನೋಡಿದ. ಬನ್ನಿ: ವಿಧ್ಯರ್ಥ, ಗೌರವ ಬಹುವಚನ. ಸಂದೇಹವೇ ಇಲ್ಲ, ಮತ್ತೆ ಬರಲು ಕರೆಯುತ್ತಿದ್ದಾರೆ.

ಒಂದು ದಿನ ಟೈಲರಮ್ಮನಿಗೆ, "ಅಮ್ಮಾ, ನಾನು ಹೋಗುತ್ತೇನೆ" ಎಂದು ಹೇಳಿ ಹೊರಟ.

ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು. "ಅಯ್ಯೋ, ಬಿಡ್ತು ಅನ್ನಪ್ಪಾ! ಹಂಗೆಲ್ಲ ಹೋಗ್ತೀನಿ ಅಂತಾರಾ ಯಾರಾದ್ರೂ!"

ಅವತ್ತಿನ ಡೈರಿ: 'ನಾನು ಹೋಗುವುದನ್ನು ಇವರು ಸಹಿಸಲಾರರು. ಬಹಳ ಮೃದು ಹೃದಯ.'

ಶನಿವಾರದ ಹೊತ್ತಿಗೆ ಬರ್ತೀನಿ ಅಂದವರು ಇಪ್ಪತ್ತಮೂರು ಜನ. ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ಟ್ರಂಕು. ಏಣಿ ಸಂಜೆಯೆಲ್ಲ ಬೀದಿ ಸುತ್ತಿ ಕುರ್ಚಿ ಕೇಳಿದ. ಸೆಲೂನಿನವನು ಗಿರಾಕಿಗಳು ಕಾಯುವ ಬೆಂಚನ್ನೇ ಎತ್ತಿಕೊಟ್ಟು, "ನಾಳೆ ಗಿರಾಕಿ ಬರೋಷ್ಟರಲ್ಲಿ ತಂದಿಡಪ್ಪಾ" ಎಂದ. ನಾಳೆ ನೀನೇ ಅದರ ಮೇಲೆ ಕೂರುವೆಯಲ್ಲ ಎಂದುಕೊಂಡು ಏಣಿ ನಕ್ಕ. ಮೇಷ್ಟ್ರು ತಮ್ಮ ಬೆತ್ತದ ಕುರ್ಚಿ ಕೊಟ್ಟು, "ಜೋಪಾನ ಮಾರಾಯಾ, ನನ್ನ ಸೊಂಟ ನಿಂತಿರೋದೇ ಅದರ ಮೇಲೆ" ಎಂದರು. ಟೈಲರಮ್ಮ ಒಂದು ಸ್ಟೂಲು ಕೊಟ್ಟು, ಇಷ್ಟೆಲ್ಲ ಯಾಕೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲ ಮೇಲಿದ್ದ. ಕೋಣೆಯಲ್ಲಿ ಹಿಡಿಸದೆ ಆರು ಕುರ್ಚಿ ಮೆಟ್ಟಿಲಿನ ಮೇಲೂ ಕೂತವು.

ಭಾನುವಾರ ಹತ್ತಕ್ಕೆ ಸರಿಯಾಗಿ ಹಿರಿಯರು ಬಂದರು. ಗಿಡ್ಡ ಆಳು, ಚೌಕಟ್ಟಿಗೆ ತಲೆ ತಾಗಲಿಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು. ಹತ್ತೂಕಾಲಾಯಿತು. ಹತ್ತೂವರೆಯಾಯಿತು. ಏಣಿ ಮೆಟ್ಟಿಲ ತುದಿಗೆ ಹೋಗಿ ಇಣುಕಿದ. ಓಡಿ ಕೆಳಗಿಳಿದ.

"ಅಮ್ಮಾ, ಯಾರೂ ಬರಲಿಲ್ಲ. ಇಪ್ಪತ್ತಮೂರು ಜನ ಬರುತ್ತೇನೆ ಎಂದಿದ್ದರು!"

"ಯಾವಾಗ ಅಂದ್ರು?"

"ಹೊರಡುವಾಗ."

ಈ ಸಲ ಟೈಲರಮ್ಮನ ಬಾಯಲ್ಲಿ ಪಿನ್ನು ಇರಲಿಲ್ಲ. ನಕ್ಕು ನಕ್ಕು ಮಿಷನ್ನಿನ ಮೇಲೆ ತಲೆಯಿಟ್ಟರು. "ಅಯ್ಯೋ ನನ್ನಪ್ಪಾ, ಹೊರಡೋವಾಗ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ!"

"ಹಾಗಾದರೆ ನಿಜವಾಗಿ ಬರುವವರು ಏನನ್ನುತ್ತಾರೆ?"

"ಬರೋರು ಏನೂ ಅನ್ನಲ್ಲ. ಬಂದೇಬಿಡ್ತಾರೆ."

ಆ ಮಾತಿಗೇ ಕಾದಿದ್ದವನಂತೆ ಸೆಲೂನಿನವನು ಬೀದಿ ದಾಟಿ ಬಂದ. ಹಿಂದೆ ಇಬ್ಬರು ಗಿರಾಕಿಗಳು, ಒಬ್ಬನ ಅರ್ಧ ಗಲ್ಲದ ಮೇಲೆ ಸೋಪಿನ ನೊರೆ. "ಎಲ್ಲಪ್ಪಾ ನನ್ನ ಬೆಂಚು? ಇವರು ಎಷ್ಟೊತ್ತು ಗೋಡೆಗೆ ಒರಗಿ ನಿಲ್ಲಬೇಕು?" ಎನ್ನುತ್ತಲೇ ಮೇಲೆ ಹತ್ತಿದ. ಮೇಷ್ಟ್ರು ಸೊಂಟ ಹಿಡಿದುಕೊಂಡು ಹಿಂದೆಯೇ ಬಂದರು. ಇದನ್ನು ನೋಡದೆ ಬಿಡುವುದುಂಟೇ ಎಂದು ಟೈಲರಮ್ಮನೂ ಹತ್ತಿದರು. ಕುರ್ಚಿಗಳ ಸಂದಿಯಲ್ಲಿ ನುಸುಳಿ ಬರುವಷ್ಟರಲ್ಲಿ ಎಲ್ಲರಿಗೂ ಏದುಸಿರು. ಒಬ್ಬೊಬ್ಬರೇ ಕೂತರು.

ಹಿರಿಯರು ಬೆರಳು ಮಡಚಿ ಎಣಿಸಿದರು. "ಐದು. ಪರವಾಗಿಲ್ಲವಯ್ಯ, ನಾಲ್ಕಾದರೆ ಸಾಕಿತ್ತು."

ಏಣಿ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೋಂದಿನ ವಾಸನೆ ಒಂದು ಗಳಿಗೆ ಮೂಗಿಗೆ ಬಂದು ಹೋಯಿತು. ಆದರೂ ಎದ್ದು ನಿಂತ. "ಅಯ್ಯಾ, ಇವರು ಪ್ರಾರ್ಥನೆಗೆ ಬಂದವರಲ್ಲ. ಕುರ್ಚಿಗೆ ಬಂದವರು."

"ಛೆ ಛೆ," ಸೆಲೂನಿನವನಿಗೆ ಪಾಪ ಅನ್ನಿಸಿತು. "ಒಂದ್ಸಲ ಕೈ ಮುಗಿದು ಆಮೇಲೆ ಬೆಂಚು ಎತ್ಕೊಳ್ಳೋಣ ಅಂತಲೇ ಬಂದಿದ್ದು."

"ನೀ ಸುಮ್ನಿರೋ," ಎಂದರು ಮೇಷ್ಟ್ರು. "ಹುಡುಗ ನಿಜ ಹೇಳ್ತಿದಾನೆ. ನಾನು ಬಂದಿದ್ದು ಸ್ವಾಮಿಗಳು ಕೂತಿರೋ ಆ ಕುರ್ಚಿಗೆ."

ಹಿರಿಯರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಆ ಕುರ್ಚಿ, ಸ್ಟೂಲು, ಬೆಂಚುಗಳನ್ನು ಒಂದೊಂದಾಗಿ ನೋಡಿದರು. "ಪ್ರಾರ್ಥನೆಗೆ ಬಂದವರು ಸೊನ್ನೆ ಅಂತ ಬರೆದುಕೊ," ಎಂದರು ಏಣಿಗೆ. "ಆದರೆ ನಿನ್ನ ಮುಂಚಿನವರಿಬ್ಬರಿಗೆ ಈ ಬೀದಿಯಲ್ಲಿ ಒಂದು ಸ್ಟೂಲು ಕೂಡ ಸಿಕ್ಕಿರಲಿಲ್ಲ." ಆಮೇಲೆ ಟೈಲರಮ್ಮನ ಕಡೆ ತಿರುಗಿ, ಬೀದಿಯವರ ಮಾತಿನಲ್ಲೇ, "ಸರಿ ತಾಯಿ, ಬರ್ತೀನಿ" ಎಂದರು.

ಏಣಿ ಬಾಗಿಲಿಗೆ ಅಡ್ಡ ನಿಂತ. "ಅಯ್ಯಾ, ಹೋಗುತ್ತೀರೋ, ಬರುತ್ತೀರೋ?"

"ಎರಡೂ. ಈಗ ಹೋಗ್ತೀನಿ. ಮೂರು ತಿಂಗಳಿಗೆ ಬರ್ತೀನಿ. ಅಲ್ಲೀವರೆಗೆ ಕೋಣೆ ಇರಲಿ. ಅವತ್ತು ಕುರ್ಚಿ ಎರಡೇ ಹಾಕಿಸು, ನಿನಗೊಂದು ನನಗೊಂದು."

ಎಲ್ಲವನ್ನೂ ಹೊತ್ತು ಮುಟ್ಟಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಮೂಲೆಮನೆಗೆ ಬೆತ್ತದ ಕುರ್ಚಿ. ಮೇಷ್ಟ್ರು ಅದನ್ನು ಕಿಟಕಿ ಪಕ್ಕಕ್ಕೆ ಹಾಕಿಸಿಕೊಂಡು ಕೂತು, "ಕೂತ್ಕೊಂಡು ಹೋಗಪ್ಪಾ" ಎಂದರು.

ಏಣಿ ಅಲ್ಲೇ ನಿಂತ. ಇನ್ನು ಮೋಸ ಹೋಗುವ ಆಸಾಮಿಯಲ್ಲ ಅವನು. "ಮೇಷ್ಟ್ರೇ, ಕೂರಬೇಕೋ, ಹೋಗಬೇಕೋ?"

"ಮೊದಲು ಕೂತ್ಕೊಳ್ಳೋ. ಜೇಬಿನಲ್ಲಿರೋ ಆ ವ್ಯಾಕರಣದ ಪುಸ್ತಕ ಇಲ್ಲಿ ಕೊಡು, ಎಲ್ಲೆಲ್ಲಿ ತಪ್ಪಿದೆ ನೋಡೋಣ."

ಮನೆಯಲ್ಲಿ ಇದ್ದ ಕುರ್ಚಿ ಅದೊಂದೇ. ಏಣಿ ಪುಸ್ತಕ ಕೊಟ್ಟು, ಮಡಚಿಟ್ಟ ಏಣಿಯ ಹಾಗೇ ನೆಲದ ಮೇಲೆ ಕಾಲು ಮಡಚಿ ಕೂತ.