ಸಾವಕಾಶ ಹೋಗ್ರಿ, ಜಲ್ದಿ ಬರ್ರಿ

ನನ್ನ ಕಾರಿಗೆ ಹಿಂದಿನ ಸೀಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಗಂಗಾವತಿಯಲ್ಲಿ ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಬಸ್ಸು ತಪ್ಪಿಸಿಕೊಂಡು, ನಾನು ಸಿಕ್ಕೆನೆಂಬ ಖುಷಿಯಲ್ಲಿ ಹಿಂದಿನ ಬಾಗಿಲು ತೆರೆದು, ಒಳಗೆ ಬರೀ ತಗಡು ಕಂಡು ಹೌಹಾರಿದ್ದಾರೆ. ಸೀಟು ಇರಬೇಕಾದ ಜಾಗದಲ್ಲಿ ಎರಡು ದಪ್ಪ ಕಬ್ಬಿಣದ ಪೈಪುಗಳು ಅಡ್ಡ ನಿಂತಿವೆ. "ಇದೇನ್ರಿ ಮಾಸ್ತರ, ಸಂತಿಗೆ ಕುರಿ ಸಾಗಸ್ತೀರೇನು?" ಎಂದು ನಮ್ಮ ಹೆಡ್‌ಮಾಸ್ತರರು ಕೇಳಿದ್ದರು. ಕುರಿ ಸಾಗಿಸಿದ್ದರೆ ಮನೆಯಲ್ಲಿ ಇನ್ನಷ್ಟು ಮರ್ಯಾದೆ ಸಿಗುತ್ತಿತ್ತು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ವಯಸ್ಸು ಐವತ್ತೆರಡು, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮೂಗಿನ ತುದಿಗೆ ಜಾರುವ ಕನ್ನಡಕ. ಇಂಥ ಮನುಷ್ಯ ವರ್ಷದಲ್ಲಿ ಎರಡು ಮೂರು ಭಾನುವಾರ ತಲೆಗೆ ಹೆಲ್ಮೆಟ್ ಏರಿಸಿಕೊಂಡು ಕಾರಟಗಿಗೆ ಹೋಗಿ, ಅಲ್ಲಿನ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಕಾರನ್ನು ಹಾವಿನ ಹಾಗೆ ಓಡಿಸುತ್ತಾನೆ ಎಂದರೆ ನಂಬುವುದು ಕಷ್ಟ. ಎಷ್ಟೋ ಸಲ ನನಗೇ ನಂಬಿಕೆ ಬರುವುದಿಲ್ಲ.

ಈ ಆಟಕ್ಕೆ ಆಟೋಕ್ರಾಸ್ ಎನ್ನುತ್ತಾರೆ. ಹತ್ತು ಕಾರುಗಳು ಒಂದರ ಮೇಲೊಂದು ಬೀಳುವ ರೇಸು ಇದಲ್ಲ. ಭತ್ತ ಒಣಗಿಸುವ ಸಿಮೆಂಟಿನ ಅಂಗಳ ಸುಗ್ಗಿಯಿಲ್ಲದಾಗ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ಹೊಟ್ಟು ತುಂಬಿದ ಚೀಲಗಳನ್ನು ಅಲ್ಲಲ್ಲಿ ನಿಲ್ಲಿಸುತ್ತಾರೆ. ಬೇರೆ ಊರುಗಳಲ್ಲಿ ಪ್ಲಾಸ್ಟಿಕ್ಕಿನ ಕೆಂಪು ಶಂಕುಗಳಿರುತ್ತವಂತೆ. ನಮ್ಮಲ್ಲಿ ಹೊಟ್ಟಿಗೇನು ಬರವೇ? ಒಂದು ಸಲಕ್ಕೆ ಒಂದೇ ಕಾರು. ಆ ಚೀಲಗಳ ನಡುವೆ ಅಂಕುಡೊಂಕಾಗಿ ಸುಳಿದು ಹೊರಬರಬೇಕು, ಗಡಿಯಾರ ನೋಡುತ್ತ ಒಬ್ಬ ನಿಂತಿರುತ್ತಾನೆ. ಚೀಲ ಮುಟ್ಟಿದರೆ ನಿಮ್ಮ ಹೊತ್ತಿಗೆ ಎರಡು ಸೆಕೆಂಡು ಕೂಡಿಸುತ್ತಾರೆ. ವೇಗದ ಮುಳ್ಳು ಅರವತ್ತು ಕಿಲೋಮೀಟರು ದಾಟುವುದೇ ಅಪರೂಪ. ಆದರೂ ಆ ಒಂದು ನಿಮಿಷದ ಖುಷಿ ಇದೆಯಲ್ಲ, ಅದು ನನಗೆ ಜಾತ್ರೆಯ ತೊಟ್ಟಿಲಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಕ್ಕಿಲ್ಲ.

ರಸ್ತೆಯ ಮೇಲೆ ಮಾತ್ರ ನಾನು ಬಲು ಸಾಧು. ಹುಲ್ಲಿನ ಹೊರೆ ಕಟ್ಟಿಕೊಂಡ ಟಿವಿಎಸ್ ಗಾಡಿಗಳು ನನ್ನನ್ನು ದಾಟಿ ಹೋಗುತ್ತವೆ. ಒಮ್ಮೆ ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ದಾಟುವಾಗ ಹೊರಳಿ ನೋಡಿ, "ಪಾಪ, ಗಾಡಿ ಕೆಟ್ಟೈತೇನೋ" ಎಂದು ಮರುಗಿದ್ದಳು.

ಕಾರನ್ನು ಹೀಗೆ ಬದಲಾಯಿಸಿಕೊಳ್ಳುವುದು ಹೊಸ ಹುಚ್ಚೇನಲ್ಲ. ಹುಲಿಹೈದರದ ಕಡೆ ಅವರಿವರ ಹೊಲದಲ್ಲಿ ದುಡಿಯುತ್ತಿದ್ದ ನನ್ನಪ್ಪ ಕಷ್ಟಪಟ್ಟು ಒಂದು ಹಳೆಯ ಚಕ್ಕಡಿ ಕೊಂಡಾಗ, ಮೊದಲು ಮಾಡಿದ ಕೆಲಸ ಅದನ್ನು ಬಿಚ್ಚಿದ್ದು. ನೊಗ ಕಟ್ಟುವ ಮೂಕಿ ಮೊಂಡಾಗಿದೆ ಎಂದು ಬದಲಿಸಿದ, ಪಕ್ಕದ ಹಲಗೆಗೆ ಹಸಿರು ಬಣ್ಣ ಬಳಿದ, ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿದ. ಇವತ್ತು ನಮ್ಮ ಭಾಗದ ಟ್ರ್ಯಾಕ್ಟರುಗಳನ್ನು ನೋಡಿ: ಮೂತಿಗೆ ಗೊಂಡೆ, ಮೈತುಂಬ ಕನ್ನಡಿ, ಊರಿಗೆಲ್ಲ ಕೇಳುವ ಹಾಡು. ಕೊಂಡ ವಸ್ತುವನ್ನು ಕೊಂಡ ಹಾಗೇ ಇಟ್ಟುಕೊಂಡರೆ ಅದು ಅಂಗಡಿಯವನದೇ ಆಗಿ ಉಳಿಯುತ್ತದೆ ಎಂಬುದು ನಮ್ಮವರ ಭಾವನೆ.

ನನ್ನ ಕಾರನ್ನು ಬಿಚ್ಚಿ ಕಟ್ಟಿದವನು ಖಾಜಾಸಾಬ್, ಕಾರಟಗಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ. ಹಿಂದಿನ ಸೀಟು ಕಿತ್ತವನು ಅವನೇ, ಬ್ರೇಕು ಗಟ್ಟಿ ಮಾಡಿದವನು ಅವನೇ. ಕಾರು ಮಗುಚಿದರೆ ಛಾವಣಿ ತಲೆಯ ಮೇಲೆ ಕೂರಬಾರದೆಂದು ಆ ಪೈಪುಗಳನ್ನು ಬೆಸೆದವನೂ ಅವನೇ. ಪೈಪು ತೆಗೆದರೆ ಭಾರ ಇಳಿದು ಕಾರು ಚುರುಕಾಗುತ್ತದೆ ಎಂದು ನಾನು ವಿಜ್ಞಾನದ ಮಾಸ್ತರನ ಗತ್ತಿನಲ್ಲಿ ಲೆಕ್ಕ ಬಿಡಿಸಿ ತೋರಿಸಿದೆ. ಅವನು ಕೈ ಒರೆಸಿಕೊಳ್ಳುತ್ತ ನನ್ನ ಹೊಟ್ಟೆಯನ್ನೇ ನೋಡಿದ.

"ತೂಕ ಕಮ್ಮಿ ಆಗಬೇಕಂದ್ರ ನೀವ ಎರಡ ರೊಟ್ಟಿ ಕಮ್ಮಿ ತಿನ್ರಿ ಮಾಸ್ತರ. ಪೈಪಿಗೆ ಕೈ ಹಚ್ಚಾಂಗಿಲ್ಲ."

ಇನ್ನು ನನ್ನ ಹೆಂಡತಿ ಗಿರಿಜಾ. ಅವಳು ಆಸ್ಪತ್ರೆಯಲ್ಲಿ ನರ್ಸು. ಗಾಡಿಯಿಂದ ಬಿದ್ದು ಬಂದವರ ಗಾಯ ತೊಳೆದು ಕಟ್ಟುವುದು ಅವಳ ದಿನದ ಕೆಲಸ. ನನಗೆ ವೇಗ ಎಂದರೆ ಕಪ್ಪು ಹಲಗೆಯ ಮೇಲಿನ ಒಂದು ಸೂತ್ರ. ಅವಳಿಗೆ ಅದು ಬ್ಯಾಂಡೇಜು. ನಾನು ಈ ಆಟದ ಸುದ್ದಿ ಎತ್ತಿದಾಗ ಅವಳು ಎರಡು ದಿನ ಬೇಡವೇ ಬೇಡ ಎಂದಳು. ಮೂರನೆಯ ದಿನ ಒಪ್ಪಿದಳು, ಒಂದು ಕರಾರಿನ ಮೇಲೆ.

"ಅದು ಹೊಟ್ಟಿನ ಚೀಲ ಅಲ್ಲ, ಮನಷ್ಯಾ ಅಂತ ತಿಳ್ಕೋರಿ. ಒಂದ ಚೀಲಕ್ಕ ಹಾಯ್ಸಿದ್ರೂ ಮರುದಿನಾ ಕಾರ್ ಮಾರಬೇಕು. ಒಪ್ಪಿಗಿ ಇದ್ರ ಹೋಗ್ರಿ."

ಒಪ್ಪಿದೆ. ಎರಡು ಸೆಕೆಂಡಿನ ದಂಡ ಎಲ್ಲರಿಗೂ ಇತ್ತು, ನನಗೆ ಮಾತ್ರ ಕಾರೇ ದಂಡ.

ನಮ್ಮ ಮನೆಯಿಂದ ಯಾರೇ ಹೊರಟರೂ ಗಿರಿಜಾ ಬಾಗಿಲಲ್ಲಿ ನಿಂತು ಹೇಳುವ ಮಾತೊಂದಿದೆ: "ಸಾವಕಾಶ ಹೋಗ್ರಿ, ಜಲ್ದಿ ಬರ್ರಿ." ನಮ್ಮ ಕಡೆ ಎಲ್ಲರೂ ಹೇಳುವ ಮಾತೇ. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಹಿಡಿದು ಅವಳನ್ನು ಕಾಡಿಸುತ್ತಿದ್ದೆ. ಅದೇ ದಾರಿ, ಅದೇ ದೂರ. ಹೋಗುವಾಗ ಸಾವಕಾಶವಾಗಿ ಹೋದವನು ಬರುವಾಗ ಜಲ್ದಿ ಬರುವುದು ಹೇಗೆ, ಸರಾಸರಿ ವೇಗ ಎಷ್ಟಾಯಿತು ಹೇಳು ಎಂದು. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಗಿರಣಿಯ ಅಂಗಳದಲ್ಲಿ ಖಾಜಾಸಾಬ್ ನನಗೆ ಮೊದಲ ಪಾಠ ಹೇಳಿಕೊಟ್ಟ. ತಿರುವಿನೊಳಗೆ ಹೋಗುವಾಗ ಕಾರಿನ ವೇಗ ಇಳಿಸಬೇಕು, ತಿರುವಿನಿಂದ ಹೊರಬರುವಾಗ ಏರಿಸಬೇಕು. ಉಲ್ಟಾ ಮಾಡಿದವನು ಚೀಲದ ಮೇಲೆ ಹೋಗುತ್ತಾನೆ. ಈ ಆಟದ ಗುಟ್ಟೆಲ್ಲ ಅಷ್ಟೇ. ನಾನು ಹೆಲ್ಮೆಟ್ಟಿನೊಳಗೇ ಪೆಚ್ಚಾದೆ. ನನ್ನ ಹೆಂಡತಿ ಇದನ್ನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪುಕ್ಕಟೆ ಹೇಳಿಕೊಡುತ್ತಿದ್ದಳು.

ಕೆಲವು ತಿಂಗಳ ಹಿಂದಿನ ಆಟಕ್ಕೆ ಗಿರಿಜಾ ತಾನೂ ಬಂದಳು. ಬಹುಮಾನ ಕಿನ್ನಾಳದ ಮರದ ಕುದುರೆ, ಗಾಢ ಕೆಂಪು ಮೈ, ದೊಡ್ಡ ದೊಡ್ಡ ಕಣ್ಣು. ಅದನ್ನು ನೋಡಿ ನನಗೆ ಆಸೆ ಹುಟ್ಟಿತು. ಮೊದಲ ಸುತ್ತಿನಲ್ಲಿ ಒಂದು ಚೀಲವೂ ಅಲುಗದ ಹಾಗೆ ಓಡಿಸಿ ಎರಡನೆಯವನಾಗಿ ನಿಂತೆ. ಮುಂದಿದ್ದವನು ಕುಷ್ಟಗಿಯ ಗೊಬ್ಬರದ ಅಂಗಡಿಯವನು, ಬರೀ ಅರ್ಧ ಸೆಕೆಂಡು ಮುಂದೆ. ಜನ ನನ್ನ ಬೆನ್ನು ತಟ್ಟಿದರು. "ಈ ವಯಸ್ಸಿನ್ಯಾಗ ನೋಡ್ರಿ ಮಾಸ್ತರ್ನ" ಎಂದ ಒಬ್ಬ. ಅಷ್ಟು ಕೇಳಿದ್ದೇ ತಡ, ಗಿರಿಜಾ ಹೊರಗೆ ಹೋಗಿ ಒಂದು ನಿಂಬೆಹಣ್ಣು ತಂದಳು. "ದೃಷ್ಟಿ ಆಗಬಾರ್ದು" ಎಂದು ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಇಟ್ಟು, ನೋಡುವವರಿಗಾಗಿ ಕಟ್ಟಿದ್ದ ಹಗ್ಗದಾಚೆ ಹೋಗಿ ನಿಂತಳು. ಇಷ್ಟು ದಿನ ಈ ಕಾರನ್ನು ಸವತಿಯ ಹಾಗೆ ನೋಡಿದವಳು ಮೊದಲ ಸಲ ಅದರ ಕ್ಷೇಮ ಬಯಸಿದ್ದಳು.

ಎರಡನೆಯ ಸುತ್ತಿಗೆ ಮುಂಚೆ ಖಾಜಾಸಾಬ್ ಕಾರಿನೊಳಗೆ ಬಗ್ಗಿ, ಅಲ್ಲಾಡುವ ಸಾಮಾನೆಲ್ಲ ಹೊರತೆಗೆದ. ನೀರಿನ ಬಾಟಲಿ, ಪೆನ್ನು, ಕೊನೆಗೆ ನಿಂಬೆಹಣ್ಣು. "ಇದು ಒಳಗ ಇರಬಾರ್ದು ಮಾಸ್ತರ, ಹಿಡೀರಿ" ಎಂದು ನನ್ನ ಕೈಗೆ ಕೊಟ್ಟು ಗಡಿಯಾರದವನ ಕಡೆ ಹೋದ.

ನಾನು ಹಗ್ಗದ ಕಡೆ ನೋಡಿದೆ. ಗಿರಿಜಾ ಕಾರನ್ನೇ ನೋಡುತ್ತಿದ್ದಳು. ನಿಂಬೆಹಣ್ಣನ್ನು ಮೊದಲಿದ್ದ ಹಲಗೆಯ ಮೇಲೇ ತಿರುಗಿ ಇಟ್ಟೆ.

ಒಂಬತ್ತನೆಯ ತರಗತಿಗೆ ಜಡತ್ವ ಕಲಿಸುತ್ತಲೇ ನನ್ನ ಕೂದಲು ನರೆತಿದೆ. ಬಸ್ಸು ತಿರುಗಿದರೂ ಒಳಗೆ ನಿಂತವನ ದೇಹ ನೇರವೇ ಹೋಗಲು ನೋಡುತ್ತದೆ, ಅದಕ್ಕೇ ಅವನು ಪಕ್ಕದವನ ಮೇಲೆ ಬೀಳುತ್ತಾನೆ ಎಂದು ನಾನೇ ತರಗತಿಯಲ್ಲಿ ಬಿದ್ದು ತೋರಿಸುತ್ತೇನೆ, ಮಕ್ಕಳು ನಗುತ್ತಾರೆ. ಇದೆಲ್ಲ ನಿಂಬೆಹಣ್ಣಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಮೂರನೆಯ ತಿರುವಿನಲ್ಲಿ ಅದು ಹಲಗೆಯಿಂದ ಜಾರಿ ಬಿತ್ತು. ಎಲ್ಲಿ ಬಿತ್ತೆಂದು ನೋಡುವ ಪುರುಸೊತ್ತಿಲ್ಲ. ಕಾರು ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ, ಮರದ ಕುದುರೆ ಆಗಲೇ ನಮ್ಮ ಟಿವಿಯ ಮೇಲೆ ಬಂದು ನಿಂತಂತೆ ಅನಿಸಿತು. ಕೊನೆಯ ತಿರುವು ಬಂತು, ಬ್ರೇಕು ಒತ್ತಿದೆ. ಪೆಡಲು ಅರ್ಧಕ್ಕೆ ನಿಂತಿತು. ಜೀವ ಬಿಟ್ಟು ಒತ್ತಿದೆ. ಕಾಲಡಿಯಲ್ಲಿ ಏನೋ ಪಚಕ್ಕೆಂದಿತು, ಆಮೇಲೆ ಬ್ರೇಕು ಹಿಡಿಯಿತು. ಅಷ್ಟರಲ್ಲಿ ಚೀಲ ಬಂದಿತ್ತು. ಅದು ಒಡೆದು, ಗಾಜಿನ ತುಂಬ ಹೊಟ್ಟು ಸುರಿದು, ನನಗೆ ಲೋಕವೇ ಕಾಣದಾಯಿತು.

ಬಾಗಿಲು ತೆರೆದವಳು ಗಿರಿಜಾ. ಹೆಲ್ಮೆಟ್ ತೆಗೆದಳು, ಕಣ್ಣರೆಪ್ಪೆ ಎತ್ತಿ ನೋಡಿದಳು.

"ಕೊಳ್ಳ ಹೊಳ್ಳಸ್ರಿ. ಉಸರ ತಗೋರಿ. ಇವತ್ತ ಯಾವ ವಾರ?"

ಕತ್ತು ಹೊರಳಿಸುತ್ತ "ಐತವಾರ" ಎಂದೆ.

ಎಷ್ಟೋ ಜನರ ಗಾಯ ಕಟ್ಟಿದ ಆ ಕೈ ನನ್ನ ತಲೆಯಿಂದ ಕಾಲಿನವರೆಗೆ ಗಾಯ ಹುಡುಕಿತು. ನನಗೆ ಏನೂ ಆಗಿರಲಿಲ್ಲ, ಆದರೆ ಆ ಕೈಗೆ ಭಾನುವಾರವೂ ಅದೇ ಕೆಲಸ ಹಚ್ಚಿದ್ದಕ್ಕೆ ಬಹಳ ನಾಚಿಕೆಯಾಯಿತು. ಅವಳು ನನ್ನ ಮೈ ತಡವುತ್ತಿರುವಾಗ ಖಾಜಾಸಾಬ್ ಆ ಕಡೆಯ ಬಾಗಿಲಿನಿಂದ ಬಗ್ಗಿ, ಪೆಡಲಿನ ಕೆಳಗಿನಿಂದ ಅಪ್ಪಚ್ಚಿಯಾದ ನಿಂಬೆಹಣ್ಣು ತೆಗೆದ. ನನ್ನ ಮುಖ ನೋಡಿದ, ಅವಳನ್ನು ನೋಡಿದ, ಸದ್ದಿಲ್ಲದೆ ಅದನ್ನು ಕೈ ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡ. "ಬ್ರೇಕ್ ತಡಾ ಹಾಕ್ಯಾರ್ರಿ ಅಕ್ಕಾರ" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅವಳು ಪ್ರೀತಿಯಿಂದ ಇಟ್ಟ ಹಣ್ಣು ಹೀಗೆ ಮಾಡಿತೆಂದು ಹೇಗೆ ಹೇಳಲಿ? ಕಾರು ಹೋದರೆ ಹೋಗಲಿ ಎಂದುಕೊಂಡೆ. ಕಾರು ಮಾರುವ ಸುದ್ದಿ ಕೇಳಿ, ಕುದುರೆ ಗೆದ್ದ ಕುಷ್ಟಗಿಯವನೇ ನಾಳೆ ಬಂದು ನೋಡುತ್ತೇನೆಂದ.

ಸಂಜೆ ಮನೆಯಲ್ಲಿ ಗಿರಿಜಾ ನನ್ನ ಬಲಗಾಲಿನ ಬೂಟು ಹಿಡಿದುಕೊಂಡು ಬಂದಳು. ತಳದ ಸೀಳಿನಲ್ಲಿ ಒಂದು ನಿಂಬೆಯ ಬೀಜ ಸಿಕ್ಕಿಕೊಂಡಿತ್ತು. ಅವಳು ಬೀಜವನ್ನು ಉಗುರಿನಿಂದ ಕಿತ್ತು ಅಂಗೈಯಲ್ಲಿಟ್ಟು ನನಗೆ ತೋರಿಸಿದಳು.

"ನಾ ಇಟ್ಟಿದ್ದ ಹಣ್ಣು..."

"ನೀ ಇಟ್ಟಿದ್ದು ನಿಂತ ಕಾರಿನಾಗ. ಖಾಜಾಸಾಬ್ ಅದನ್ನ ತಗದ್ ಕೊಟ್ಟಿದ್ದ. ಓಡೋ ಕಾರಿನಾಗ ತಿರಗಿ ಇಟ್ಟಾಂವ ನಾನ" ಎಂದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

"ನನಗ ಬ್ಯಾಸರ ಆಗತೈತಂತ ಸುಮ್ಮನಿದ್ರೇನು? ನಾಳಿ ಕಾರ್ ತಗೊಂಡಾಂವನ ಹೆಂಡ್ತಿನೂ ಒಂದ ನಿಂಬಿಹಣ್ಣ ಇಡ್ತಾಳ. ಅಕಿಗೆ ಯಾರ ಹೇಳವ್ರು?"

ಕಾರಿನೊಳಗೆ ಅಲ್ಲಾಡುವ ಸಾಮಾನು ಇರಬಾರದು ಎನ್ನುವ ನಿಯಮವನ್ನು ನಾನು ಒಂದೇ ದಿನ ಎರಡು ಸಲ ಮುರಿದಿದ್ದೆ. ಮೊದಲನೆಯದು ಹಣ್ಣು. ಎರಡನೆಯದು ಒಳ್ಳೆಯತನವೆಂದು ತಿಳಿದು ನಾನು ಬಚ್ಚಿಟ್ಟುಕೊಂಡ ಮಾತು. ಅದೂ ಎಂದೋ ಒಂದು ತಿರುವಿನಲ್ಲಿ ಉರುಳಿ ಯಾರದೋ ಬ್ರೇಕಿನ ಕೆಳಗೆ ಸೇರುತ್ತಿತ್ತು. ಹುಷಾರು ಎಂದರೆ ಪೈಪು, ಬೆಲ್ಟು, ಹೆಲ್ಮೆಟ್ ಎಂದುಕೊಂಡಿದ್ದೆ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿಬಿಡುವುದೂ ಅದರಲ್ಲೇ ಸೇರಿದೆ ಎಂದು ಕಲಿಸಲು ಒಂದು ಬೀಜ ಬೇಕಾಯಿತು.

ಕುಷ್ಟಗಿಯವನಿಗೆ ಮರುದಿನ ಬೆಳಿಗ್ಗೆ ಫೋನು ಮಾಡಿದವಳು ಗಿರಿಜಾ. "ಕಾರ್ ಕೊಡೂದಿಲ್ರಿ. ತಪ್ಪು ಕಾರಿಂದಲ್ಲ, ನಿಂಬಿಹಣ್ಣಿಂದು. ಮತ್ತ ನಿಮ್ಮ ಗಾಡ್ಯಾಗ ನಿಂಬಿಹಣ್ಣ ಇಟ್ಟಿದ್ರ ತಗೀರಿ" ಎಂದಳು. ಅವನೂ ಇಟ್ಟಿದ್ದನಂತೆ.

ಮೊನ್ನೆ ಮತ್ತೆ ಆಟವಿತ್ತು. ಈಗ ಕಾರಿನ ತಪಾಸಣೆ ಅವಳದೇ. ಸೀಟಿನಡಿ ಕೈಯಾಡಿಸಿದಳು, ಬೆಲ್ಟು ಎಳೆದು ನೋಡಿದಳು, ನನ್ನ ಕಿಸೆಯಿಂದ ಪೆನ್ನು ಕಿತ್ತುಕೊಂಡಳು. ಆಮೇಲೆ ಚೀಲದಿಂದ ಒಂದು ನಿಂಬೆಹಣ್ಣು ತೆಗೆದಳು. ನಾನೂ ಖಾಜಾಸಾಬನೂ ಒಟ್ಟಿಗೇ ಬೆಚ್ಚಿದೆವು. ಅವಳು ಅದನ್ನು ನನ್ನ ಮುಖಕ್ಕೆ ನಿವಾಳಿಸಲೂ ಇಲ್ಲ, ಕಾರಿನಲ್ಲಿ ಇಡಲೂ ಇಲ್ಲ. ಹೆಚ್ಚಿ, ಲೋಟದ ನೀರಿಗೆ ಹಿಂಡಿ, ಸಕ್ಕರೆ ಬಿಟ್ಟು ಬರೀ ಉಪ್ಪು ಹಾಕಿ ಕಲಕಿ, ನನ್ನ ಕೈಗೆ ಕೊಟ್ಟಳು.

"ಕುಡೀರಿ. ಹೊಟ್ಟ್ಯಾಗ ಇರ್ಲಿ. ಅಲ್ಲಿಂದ ಉರಳಿ ಬ್ರೇಕಿನ ಬುಡಕ ಹೋಗೂದಿಲ್ಲ."

ಕುಡಿದೆ. ಅವಳು ಹಗ್ಗದಾಚೆ ಹೋಗಿ ನಿಂತು ಬಾಗಿಲಲ್ಲಿ ಹೇಳುವ ಅದೇ ಮಾತನ್ನು ಹೇಳಿದಳು. ಒಂದು ಚೀಲವೂ ಅಲುಗದ ಹಾಗೆ ಓಡಿಸಿ ಆ ದಿನ ನಾನು ಐದನೆಯವನಾಗಿ ಬಂದೆ. ಗಿರಿಜಾಳ ಪ್ರಕಾರ ಅದು ಜಲ್ದಿಯೇ.