ಇಪ್ಪತ್ತರ ವರ್ಗವೂ ಇನ್ನೂರು ಗುಂಡಿಯೂ

ಗಣಿತದ ಪುಸ್ತಕದಲ್ಲಿ ಕೆಲವು ಅಂಕಿಗಳ ಬಲ ಹೆಗಲ ಮೇಲೆ ಪುಟ್ಟದೊಂದು ಎರಡು ಕುಳಿತಿರುತ್ತದಲ್ಲ, ಅದರ ಗಾತ್ರ ನೋಡಿ ಮೋಸಹೋಗದವರು ಯಾರಾದರೂ ಇದ್ದರೆ ಅವರಿಗೆ ದೂರದಿಂದಲೇ ನಮಸ್ಕಾರ. ಅಚ್ಚು ಜೋಡಿಸುವವನ ಕೈತಪ್ಪಿ ಮೇಲಕ್ಕೆ ಹಾರಿದಂತೆ ಕಾಣುವ ಈ ಘಾತಾಂಕ ಮಹಾಶಯ, ಕೆಳಗಿನ ಅಂಕಿಯನ್ನು ಅದರಿಂದಲೇ ಗುಣಿಸಿ ಗುಡ್ಡೆ ಹಾಕಿಬಿಡುತ್ತಾನೆ.

ನನ್ನ ಮಗಳು ಮಾನಸ ಏಳನೆಯ ತರಗತಿಯ ಪರೀಕ್ಷೆಯಲ್ಲಿ ನಾಲ್ಕರ ವರ್ಗ ಎಂಟು ಎಂದು ಬರೆದು ಬಂದಳು. ಪದವಿಯಲ್ಲಿ ಗಣಿತ ಓದಿದವನೆಂಬ ಜಂಬ ನನ್ನ ನೆತ್ತಿಗೇರಿತು. ಮೂರನೆಯ ಪ್ರಯತ್ನದಲ್ಲಿ ಪಾಸಾದದ್ದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲವೆನ್ನಿ. ಇಷ್ಟೂ ತಿಳಿಯುವುದಿಲ್ಲವೇ ಎಂದು ರೇಗಿದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಂದಿನಿಂದ ಗಣಿತದ ನೋಟ್‌ಬುಕ್ ನನ್ನ ಕಣ್ಣಿಗೆ ಬೀಳದಂತೆ ಚೀಲದ ತಳ ಸೇರಿತು. ಲೆಕ್ಕ ಬರದಿದ್ದರೆ ಹಾಳಾಗಿ ಹೋಗಲಿ, ಮಗಳು ನನ್ನ ಹತ್ತಿರ ಬರುವುದನ್ನೇ ಬಿಟ್ಟಳಲ್ಲ ಎಂದು ಕೊರಗುತ್ತಿದ್ದೆ. ಆದರೂ ನಾನಾಗಿ ಮಾತನಾಡಿಸಲು ಹಮ್ಮು ಬಿಡಲಿಲ್ಲ.

ಬಣಕಲ್ ಬಳಿಯ ನಮ್ಮ ಚಿಕ್ಕ ತೋಟದಲ್ಲಿ ಹೋದ ವರ್ಷ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಕಾಫಿ ಗಿಡ ನೆಟ್ಟಿದ್ದೆವು. ಈ ಸಲ ಅದರ ಎರಡರಷ್ಟು ನೆಡುವ ಉಮೇದಿನಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿ ಇನ್ನೂರು ಸಸಿ ಬೆಳೆಸಿದೆ. ಗುಂಡಿ ತೆಗೆಯುವ ಮೊದಲು ಹಗ್ಗ ಹಿಡಿದು ಗೂಟ ಹೊಡೆಯಬೇಕಷ್ಟೆ. ಉದ್ದಕ್ಕೂ ಎರಡರಷ್ಟು, ಅಗಲಕ್ಕೂ ಎರಡರಷ್ಟು ಎಳೆಯಿರಿ ಎಂದು ಅಪ್ಪಣೆ ಕೊಡಿಸಿದೆ. ನನ್ನ ತಂದೆಯ ಕಾಲದಿಂದ ಆಳುಗಳನ್ನು ನಡೆಸಿಕೊಂಡು ಬಂದಿರುವ ಮೇಸ್ತ್ರಿ ದೇವಕ್ಕ, ಗುಂಡಿ ಜಾಸ್ತಿಯಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಗಣಿತ ಓದಿದವನು ನಾನೋ ನೀವೋ ಎಂದು ನಕ್ಕು ಅವರ ಬಾಯಿ ಮುಚ್ಚಿಸಿದೆ.

ಮಳೆ ಹಿಡಿಯಿತು, ನಾಟಿ ಶುರುವಾಯಿತು. ಸಸಿಗಳೆಲ್ಲ ಮುಗಿದಾಗ ನೋಡುತ್ತೇನೆ, ಸಾಲಿಗೆ ಇಪ್ಪತ್ತರಂತೆ ಹತ್ತು ಸಾಲು ತುಂಬಿ ಇನ್ನೂ ಹತ್ತು ಸಾಲು ಗುಂಡಿಗಳು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿವೆ. ದೇವಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು: "ಒಂದೇ ಕಡೆಗೆ ಎಳ್ಸಿದ್ರೆ ಸಾಕಿತ್ತು ಗೌಡ್ರೆ."

ನಾಲ್ಕರ ವರ್ಗ ಎಂಟು ಎಂದವಳನ್ನು ಅಳಿಸಿದ ಮಹಾಪಂಡಿತ ಇಪ್ಪತ್ತರ ವರ್ಗ ಇನ್ನೂರೆಂದು ನಂಬಿ, ಅಷ್ಟು ಜನರ ಬೆವರು ಹರಿಸಿ, ಇನ್ನೂರು ಗುಂಡಿಗಳನ್ನು ದಂಡಕ್ಕೆ ತೋಡಿಸಿದ್ದ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಖಾಲಿ ಗುಂಡಿಗಳಿಗೆ ಬಾಳೆ ಹಾಕೋಣ ಬಿಡಿ ಎಂದು ದೇವಕ್ಕನೇ ಸಮಾಧಾನ ಹೇಳಿದರು.

ಸಂಜೆ ಮಾನಸ ಶಾಲೆಯಿಂದ ಬಂದೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ನನ್ನ ಪಾಂಡಿತ್ಯವನ್ನು ತೋರಿಸಿದೆ. ಸಾಲುಗಳನ್ನು ಎಣಿಸಿ, ಬೆರಳಿನಲ್ಲಿ ಗುಣಿಸಿ, ನಾನೂರು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಂಗೂ ತಪ್ಪುತ್ತೆ ಅಂತ ಗೊತ್ತಿದ್ರೆ ನಾನು ಅವತ್ತು ಅಳ್ತಾನೇ ಇರ್ಲಿಲ್ಲ ಅಪ್ಪ."

ಅವತ್ತು ರೇಗಿದ್ದು ನನ್ನ ತಪ್ಪು ಮಗಾ ಎಂದೆ. ಅಷ್ಟು ಹೇಳುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಮನೆಗೆ ಬಂದವಳೇ ಕೈಕಾಲು ತೊಳೆದು, ಚೀಲದ ತಳದಿಂದ ನೋಟ್‌ಬುಕ್ ಎಳೆದು ತಂದು, ಜರುಗು ಎಂದು ನನ್ನನ್ನು ತಳ್ಳಿ ಪಕ್ಕದಲ್ಲಿ ಕುಳಿತಳು.