ಗಾಡಿ ಹೋಗುವಾಗ ಬೆಲ್ ಒತ್ತಿ

ತನ್ವಿ ಶೇರಿಗಾರಳನ್ನು ನಾನು ಮೊದಲ ಸಲ ನೋಡಿದ್ದು 2022ರ ಜೂನ್ ಹನ್ನೆರಡರಂದು, ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಇಂಡಿ ತಾಲೂಕಿನ ನನ್ನ ಊರಿನಿಂದ ಬಂದು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಗೆ ಸೇರಿ ವಾರವಾಗಿತ್ತು. ದಿವಾದಲ್ಲಿ ರೈಲು ಹಳಿಗೆ ಹತ್ತಿದ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಖೋಲಿ ಸಿಕ್ಕಿತ್ತು. ನಲ್ಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು ಎದುರು ಮನೆಗೆ ಹೋದೆ. ಬಾಗಿಲಿಗೆ ಒಂದು ರಟ್ಟು ಅಂಟಿಸಿತ್ತು. ಅದರ ಮೇಲೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಮರಾಠಿ ಬರಹ. ಅಕ್ಷರ ಓದಿದೆ, ಅರ್ಥವಾಗಲಿಲ್ಲ. ಬೆಲ್ ಒತ್ತಿದೆ.

ಬಾಗಿಲು ತೆರೆದ ಹುಡುಗಿ ತಲೆಯ ಮೇಲೆ ದಪ್ಪ ಗೋಧಡಿ ಹೊದ್ದುಕೊಂಡಿದ್ದಳು. ಮುಖ ಪೂರ್ತಿ ಬೆವರು, ಕೈಯಲ್ಲಿ ಮೊಬೈಲು, ಕಿವಿಯಲ್ಲಿ ವೈರು.

“ಬೋರ್ಡ್ ನಹೀ ದೇಖಾ ಕ್ಯಾ? ಗಾಡಿ ಜಾತೇ ವಕ್ತ್ ಹೀ ಬೆಲ್!” ರೈಲುಗಾಡಿ ಹೋಗುವಾಗ ಮಾತ್ರ ಬೆಲ್ ಒತ್ತಿ ಎಂದು ಆ ರಟ್ಟಿನ ಬರಹ.

“ಯಪ್ಪಾ, ಇದೇನ್ ವೇಷರೀ!” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅಡುಗೆಮನೆಯಿಂದ ಅವಳ ತಾಯಿ ಅನಸೂಯಾ ಇಣುಕಿದರು. “ಕನ್ನಡದವರಾ? ಒಳಗೆ ಬನ್ನಿ ಮಾರಾಯ್ರೆ. ಇವಳದ್ದು ದಿನಾ ಇದೇ. ಬೋರ್ಡ್ ನೋಡಿದವರೆಲ್ಲ ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳ್ತಾರೆ.”

ತನ್ವಿ ಹಾಡು ಧ್ವನಿಮುದ್ರಿಸುತ್ತಿದ್ದಳು. ಹಗಲು ಹೊತ್ತಿನಲ್ಲಿ ಎರಡು ಗಾಡಿಗಳ ನಡುವೆ ಸಿಗುತ್ತಿದ್ದ ನಿಶ್ಶಬ್ದ ಹೆಚ್ಚೆಂದರೆ ಮೂರು ನಿಮಿಷ. ಅದರೊಳಗೆ ಗೋಧಡಿ ಹೊದ್ದು ಒಂದೋ ಎರಡೋ ಸಾಲು ಹಾಡಬೇಕು. ಬೆಲ್ ಬೇಕಾದವರು ಗಾಡಿಯ ಸದ್ದಿನಲ್ಲಿ ಒತ್ತಿಕೊಳ್ಳಬಹುದು. ರಾತ್ರಿ ಹಾಡೋಣವೆಂದರೆ ಗೋಡೆ ತೆಳ್ಳಗೆ, ಪಕ್ಕದ ಮನೆಯ ಕೂಸು ಏಳುತ್ತದೆ. ಹೀಗಾಗಿ ಅವಳ ಹಾಡುಗಳ ಸಾಲುಗಳೆಲ್ಲ ಗಿಡ್ಡ.

ತನ್ವಿ ಹುಟ್ಟಿದ್ದು, ಬಿ.ಕಾಂ. ಓದಿದ್ದು ಡೊಂಬಿವಲಿಯಲ್ಲಿ. ತಂದೆ ದಯಾನಂದರು ಉಡುಪಿ ಬಳಿಯ ಶಿರ್ವದ ಕಡೆಯವರು, ಡೊಂಬಿವಲಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹಣ ಎಣಿಸುವ ಗಲ್ಲೆಯಲ್ಲಿ ಮೂವತ್ತು ವರ್ಷದಿಂದ ಕೂತವರು. ಮನೆಯಲ್ಲಿ ತುಳು, ಹೊರಗೆ ಮರಾಠಿ, ನನ್ನ ಜೊತೆ ಹಿಂದಿ ಬೆರೆಸಿದ ಕನ್ನಡ. ಐರೋಲಿಯ ಕಾಲ್ ಸೆಂಟರಿನಲ್ಲಿ ಒಂದು ವರ್ಷ ದುಡಿದು ಬಿಟ್ಟಳು. ಕಲ್ಯಾಣದ ಮದುವೆಗಳಲ್ಲಿ ಹಾಡಿದಳು. ತನ್ನದೇ ಹಾಡುಗಳನ್ನು ಬರೆದು, ರಾಗ ಹಾಕಿ, ಯಾವ ಕಂಪನಿಯ ಹಂಗೂ ಇಲ್ಲದೆ ಇಂಟರ್‌ನೆಟ್ಟಿಗೆ ಏರಿಸುತ್ತಿದ್ದಳು. ಕೇಳುವವರು ನೂರಿನ್ನೂರು ಮಂದಿ.

ನಾನು ಬಂದ ಕೆಲವು ತಿಂಗಳ ಮೇಲೆ ನಟನೆ ಅವಳಿಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಘೋಡಬಂದರ್ ರಸ್ತೆಯ ಒಂದು ಬಂಗಲೆಯಲ್ಲಿ ಮರಾಠಿ ಧಾರಾವಾಹಿಯ ಶೂಟಿಂಗ್ ನಡೆಯುತ್ತಿತ್ತು. ಮದುವೆಯೊಂದರಲ್ಲಿ ಅವಳು ಹಾಡುವುದನ್ನು ಕಂಡ ಅಲ್ಲಿಯವರು ಉಡುಪಿ ಹೋಟೆಲಿನ ಮಾಲೀಕನ ಮಗಳ ಪಾತ್ರಕ್ಕೆ ಅವಳನ್ನು ಆರಿಸಿದರು. ಆದರೆ ಅವಳ ಮರಾಠಿ ತುಂಬ ಶುದ್ಧವಾಯಿತು, “ಶೆಟ್ಟಿ ಲೋಗ್ ಜೈಸಾ”, ಹೋಟೆಲಿನ ಶೆಟ್ಟರ ಹಾಗೆ, ಮಾತಾಡಬೇಕು ಎಂದರು. ಅವಳು ಎರಡು ದಿನ ಹೋಟೆಲಿನ ಗಲ್ಲೆಯ ಪಕ್ಕ ಕೂತು ಅಪ್ಪನ ಮಾತನ್ನು ಬರೆದುಕೊಂಡಳು.

“ನನ್ನ ಮರಾಠಿಗೆ ಏನಾಗಿದೆ ಮಗಾ? ಮೂವತ್ತು ವರ್ಷದಲ್ಲಿ ಇಡ್ಲಿ ಕೇಳಿದವನಿಗೆ ವಡೆ ಹೋಗಿಲ್ಲ” ಎಂದರು ದಯಾನಂದರು.

ಎರಡು ಶಾಟ್‌ಗಳ ನಡುವೆ ಅವಳು ಗುನುಗುತ್ತಿದ್ದ ಹಾಡೊಂದು ಸಹಾಯಕ ನಿರ್ದೇಶಕ ಜಯೇಶ್‌ಗೆ ಇಷ್ಟವಾಯಿತು. ದಿನವಿಡೀ ಊರವರಿಗೆಲ್ಲ ಊಟ ಹಾಕಿಸಿ ಮನೆಗೆ ಬಂದು ಗಂಜಿ ಕೇಳುವ ಅಪ್ಪನ ಮೇಲೆ ಮರಾಠಿಯಲ್ಲಿ ಬರೆದ ಹಾಡು ಅದು. ಪಲ್ಲವಿ ಮಾತ್ರ ತುಳುವಿನಲ್ಲಿ, ‘ವನಸ್ ಆಂಡಾ’ ಎಂದು. ಅಂದರೆ ಊಟ ಆಯಿತಾ. ಸೋಮವಾರದೊಳಗೆ ಪೂರ್ತಿ ಹಾಡಿ ಕೊಟ್ಟರೆ ಧಾರಾವಾಹಿಯಲ್ಲಿ ಅವಳ ದನಿಯಲ್ಲೇ ಬಳಸುತ್ತೇವೆ ಎಂದು ಜಯೇಶ್ ಹೇಳಿದ. ತನ್ವಿಗೆ ಬೇಕಾಗಿದ್ದು ಅದೊಂದೇ.

ಕಲ್ಯಾಣದಲ್ಲಿ ಅವಳಿಗೆ ಪರಿಚಯವಿದ್ದ ಸ್ಟುಡಿಯೋ ಆ ವಾರ ಖಾಲಿ ಇರಲಿಲ್ಲ. ಅವಳು ಚಿಂತಿಸಲೂ ಇಲ್ಲ. ಭಾನುವಾರ ಮೆಗಾಬ್ಲಾಕ್ ಇತ್ತು. ಹಳಿ ರಿಪೇರಿಗೆಂದು ರೈಲ್ವೆಯವರು ನಮ್ಮ ಕಡೆಯ ಗಾಡಿಗಳನ್ನು ನಾಲ್ಕೈದು ತಾಸು ನಿಲ್ಲಿಸುತ್ತಾರೆ. ದಿವಾದವರೆಲ್ಲ ಶಪಿಸುವ ಆ ದಿನಕ್ಕಾಗಿ ಅವಳು ಕಾಯುತ್ತಿದ್ದಳು. ಅದನ್ನೇ ನಂಬಿ ಮೊದಲ ಬಾರಿಗೆ ಉದ್ದುದ್ದ ಸಾಲುಗಳನ್ನು ಬರೆದಿದ್ದಳು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವಳು ನಾನೇ ಖುಷಿಯಿಂದ ಸುದ್ದಿ ತಂದೆ. “ಇವತ್ತ ಬ್ಲಾಕ್ ಇಲ್ಲಂತ! ಯಾವುದೋ ದೊಡ್ಡ ಪರೀಕ್ಷೆ ಐತಂತ, ಕ್ಯಾನ್ಸಲ್ ಮಾಡ್ಯಾರ!”

ಮಹಡಿಯವರೆಲ್ಲ ಖುಷಿಪಟ್ಟರು. ತನ್ವಿ ಗೋಧಡಿ ಹಿಡಿದು ನೆಲದ ಮೇಲೆ ಕೂತಳು. “ಅಕ್ಕಾ, ಮೈ ತೋ ಗಯೀ. ನನ್ನ ಕತೆ ಮುಗೀತು. ನಾನು ಚೆಕ್ಕೇ ಮಾಡ್ಲಿಲ್ಲ.”

ಅನಸೂಯಾ ಸೆರಗು ಸಿಕ್ಕಿಸಿ ಗ್ಯಾಲರಿಗೆ ಹೋಗಿ ನಿಂತರು. ಅಲ್ಲಿಂದ ಹಳಿ ದೂರದವರೆಗೆ ಕಾಣುತ್ತದೆ. ಗಾಡಿ ಕಂಡರೆ ಕೈ ಎತ್ತುವುದು, ದಾಟಿದರೆ “ಪೋಂಡು!” ಎನ್ನುವುದು, ಹೋಯಿತು ಎಂದು. ಹನ್ನೊಂದರಿಂದ ನಾಲ್ಕರವರೆಗೆ ಹೀಗೇ ನಡೆಯಿತು. ನಾನು ಬಾಗಿಲಲ್ಲಿ ನಿಂತು ಬಂದವರನ್ನು ತಡೆದೆ. ಉದ್ದದ ಸಾಲುಗಳಲ್ಲಿ ಮತ್ತೆ ಮತ್ತೆ ತಪ್ಪುತ್ತ, ಸರಿಯಾಗುವಷ್ಟರಲ್ಲಿ ಗಾಡಿ ಬಂದು, ಕೊನೆಗೆ ಅವಳು ಅವನ್ನು ಕತ್ತರಿಸಿ ತುಂಡುತುಂಡಾಗಿ ಹಾಡಿ ಜೋಡಿಸಿದಳು. ಸೋಮವಾರ ಕಳಿಸಿದಳು.

ಮಂಗಳವಾರ ಸಂಜೆ ಜಯೇಶ್ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು.

“ಗಾನಾ ಮಸ್ತ್ ಹೈ ತನ್ವಿ, ಲೇಕಿನ್ ತುಕಡಾ ತುಕಡಾ ಲಗ್ತಾ ಹೈ.” ಹಾಡು ಚೆಂದ, ಆದರೆ ತುಂಡುತುಂಡಾಗಿ ಕೇಳುತ್ತದೆ ಎಂದು. ಮುಂದಿನದನ್ನೂ ಹಿಂದಿಯಲ್ಲೇ ಹೇಳಿದ: ಬೇರೆ ಗಾಯಕಿಯಿಂದ ಹಾಡಿಸುತ್ತೇವೆ, ನೀನು ತುಟಿ ಆಡಿಸಿದರೆ ಸಾಕು, ಬರೆದವಳೆಂದು ನಿನ್ನ ಹೆಸರು ಹಾಕುತ್ತೇವೆ.

“ಕೊಡು ಮಗಾ, ಟಿವಿಯಲ್ಲಿ ಬರ್ತದಲ್ಲ” ಎಂದರು ಅನಸೂಯಾ ಮೆಲ್ಲಗೆ.

ತನ್ವಿ ಬಾಗಿಲ ರಟ್ಟಿನ ಕಡೆ ನೋಡಿದಳು. “ಸರ್, ಆ ಮೇಡಂಗೆ ಹೇಳಿ, ದಿವಾಗೆ ಬಂದು ಇಲ್ಲಿ ಹಾಡಲಿ. ತುಕಡಾ ಆಗದೆ ಹಾಡಿದ್ರೆ ಕೊಡ್ತೇನೆ” ಎಂದು ಹಿಂದಿಯಲ್ಲಿ ಹೇಳಿದಳು. ಜಯೇಶ್ ನಕ್ಕ. ಅವಳು ನಗಲಿಲ್ಲ. ಹಾಡು ಕೊಡಲೂ ಇಲ್ಲ.

ಮೂರು ವಾರದಲ್ಲಿ ಧಾರಾವಾಹಿಯ ಹೋಟೆಲ್ ಮಗಳಿಗೆ ಮಂಗಳೂರಿನಲ್ಲಿ ಗಂಡು ಸಿಕ್ಕಿತು, ಪಾತ್ರ ಮುಗಿಯಿತು. “ಅವರು ಮೂರು ವಾರದಲ್ಲಿ ಮದುವೆ ಮಾಡಿದ್ರು ನೋಡಿ. ನಮ್ಮಿಂದ ಮೂರು ವರ್ಷದಿಂದ ಆಗ್ಲಿಲ್ಲ” ಎಂದರು ಅನಸೂಯಾ. ಆಮೇಲೆ ಐದು ತಿಂಗಳು ಅವಳಿಗೆ ನಟನೆಯ ಕೆಲಸ ಬರಲಿಲ್ಲ. ಮತ್ತೆ ಮದುವೆಗಳಲ್ಲಿ ಹಾಡಿದಳು.

ಈ ನಡುವೆ ಬಂದ ಮುಂದಿನ ಮೆಗಾಬ್ಲಾಕಿನಲ್ಲಿ ಅವಳು ಆ ಹಾಡನ್ನು ಪೂರ್ತಿಯಾಗಿ, ಉದ್ದ ಸಾಲುಗಳೊಂದಿಗೆ ಹಾಡಿ ತಾನೇ ಬಿಡುಗಡೆ ಮಾಡಿದಳು. ತುಂಡುತುಂಡಾದದ್ದೇ ನನಗೆ ಹೆಚ್ಚು ಇಷ್ಟವೆಂದರೆ ಅವಳು ಇವತ್ತಿಗೂ ಒಪ್ಪುವುದಿಲ್ಲ. ಅವಳು ಬಿಡುಗಡೆ ಮಾಡಿದ್ದನ್ನು ಹನ್ನೊಂದು ಸಾವಿರ ಜನ ಕೇಳಿದರು. ವಾಶಿಯಲ್ಲಿ ಹೋಟೆಲಿನವರ ಒಂದು ಕಾರ್ಯಕ್ರಮಕ್ಕೆ ಕರೆದು ಹಾಡಿಸಿದರು. ದಯಾನಂದರು ಮೂರನೇ ಸಾಲಿನಲ್ಲಿ ಕೂತಿದ್ದರು.

ಈಗ ತನ್ವಿ ಇನ್ನೊಂದು ಧಾರಾವಾಹಿಯಲ್ಲಿ ನರ್ಸಿನ ಪಾತ್ರ ಮಾಡುತ್ತಾಳೆ, ವಾರಕ್ಕೆ ಮೂರು ದಿನ ಘೋಡಬಂದರ್ ರಸ್ತೆಗೆ ಹೋಗುತ್ತಾಳೆ. ತಿಂಗಳಿಗೊಂದು ಹಾಡು ಬರೆದು ದಿವಾದ ಅದೇ ಮನೆಯಲ್ಲಿ ಹಾಡುತ್ತಾಳೆ. ಶನಿವಾರ ಸಂಜೆ ರೈಲ್ವೆಯ ಪ್ರಕಟಣೆಯನ್ನು ಎರಡು ಸಲ ನೋಡುತ್ತಾಳೆ.